ನಮ್ಮ ತಂಡದವನನ್ನೇ ಬೆನ್ನಟ್ಟಿ ಹಿಡಿದೆ, ಗೆದ್ದವನು ಮೂರನೆಯವನು

ಸಡಿಲ ಚೈನು:
ಸೈಕಲ್ ರೇಸ್ ಮುಗಿದು ಹನ್ನೊಂದು ದಿನ ಆಯ್ತು, ನಮ್ಮ ತಂಡದವನೊಬ್ಬನ ಜೊತೆ ಮಾತಿಲ್ಲ. ಮನೇಲಿ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಮ್ಮದು ಯಲಹಂಕ ಕಡೆಯ ಆರು ಜನರ ಗುಂಪು. ಎಲ್ಲರೂ ಕೆಲಸಕ್ಕೆ ಹೋಗೋರು, ಬೆಳಿಗ್ಗೆ ಐದಕ್ಕೆ ಎದ್ದು ದೇವನಹಳ್ಳಿ ರಸ್ತೇಲಿ ತುಳಿಯೋರು. ಅದರಲ್ಲಿ ಒಬ್ಬನನ್ನ ಅಣ್ಣ ಅಂತೀನಿ. ನಾಲ್ಕು ವರ್ಷದ ಹಿಂದೆ ನಾನು ಹೈಬ್ರಿಡ್ ಸೈಕಲ್ಲಲ್ಲಿ ನಂದಿ ಬೆಟ್ಟ ಹತ್ತೋವಾಗ ಮೂರು ಸಲ ಕಾಲು ಊರಿದ್ದೆ. ಪಕ್ಕದಲ್ಲಿ ನಿಧಾನಕ್ಕೆ ತುಳೀತಾ, "ತಿರುವಲ್ಲಿ ಹೊರಗಡೆಯಿಂದ ಬಾ, ಅಲ್ಲಿ ಏರು ಕಮ್ಮಿ" ಅಂತ ಹೇಳಿಕೊಟ್ಟೋನು ಅವನೇ. ಈ ರೇಸಿಗೂ ತನ್ನ ಕಾರ್ಬನ್ ಚಕ್ರದ ಜೋಡಿ ನನಗೆ ಕೊಟ್ಟು, ತಾನು ಹಳೇ ಅಲ್ಯೂಮಿನಿಯಂ ಹಾಕ್ಕೊಂಡು ಬಂದಿದ್ದ.

ಬೆಟ್ಟದ ಹಿಂಬದಿ, ದ್ರಾಕ್ಷಿ ತೋಟಗಳ ನಡುವೆ 16 ಕಿ.ಮೀ. ಸುತ್ತು, ಅಂಥವು ಐದು. ಆಷಾಢದ ಗಾಳಿ ಗೊತ್ತಲ್ಲ, ಪಶ್ಚಿಮಕ್ಕೆ ತಿರುಗಿದ ತಕ್ಷಣ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ ಹಾಗೆ. ಮೂರನೇ ಸುತ್ತಲ್ಲಿ ನಾನು, ಅಣ್ಣ, ಬೇರೆ ಕ್ಲಬ್ಬಿನ ನೀಲಿ ಜೆರ್ಸಿಯ ಒಬ್ಬ, ಮೂವರೂ ಗುಂಪು ಬಿಟ್ಟು ಮುಂದೆ ಬಂದ್ವಿ. ಸರದಿ ಪ್ರಕಾರ ಒಬ್ಬೊಬ್ಬರೇ ಮುಂದೆ ನಿಂತು ಗಾಳಿ ತಡೆದು ಎಳೀತಾ ಒಂದೂವರೆ ನಿಮಿಷ ಅಂತರ ಮಾಡಿದ್ವಿ. ಅಲ್ಲೀವರೆಗೂ ಚೆನ್ನಾಗೇ ಇತ್ತು.

ಇನ್ನು ನಾಲ್ಕು ಕಿ.ಮೀ. ಇದೆ ಅನ್ನುವಾಗ ಅಣ್ಣ ಒಂದು ಮಾತೂ ಹೇಳದೆ ಎದ್ದು ನಿಂತು ಹೊರಟ. ನೀಲಿಯವನು ನನ್ನ ಚಕ್ರ ಹಿಡಿದು, ಅಂದ್ರೆ ನನ್ನ ಬೆನ್ನ ಹಿಂದೇನೇ ಗಾಳಿ ಮರೇಲಿ, ಸುಮ್ಮನೆ ಕೂತ. ಮೂರು ಕಿ.ಮೀ. ಬೋರ್ಡಿನ ಹತ್ತಿರ ಅಂತರ ಹನ್ನೆರಡು ಸೆಕೆಂಡು. ಎದುರು ಗಾಳಿ, ಅವನೊಬ್ಬನೇ ಉಳಿಯಲ್ಲ, ಹಿಂದಿನ ಗುಂಪೂ ಬರ್ತಿದೆ ಅನ್ನಿಸ್ತು. ಎಳೆದೆ. ಅವನು ಗಂಟೆಗೆ ಮೂವತ್ತಾರು ಕಿ.ಮೀ. ವೇಗದಲ್ಲಿ ಹೋಗ್ತಿದ್ದ, ನಾನು ನಲವತ್ತರಲ್ಲಿ. ಒಂದೂವರೆ ಕಿ.ಮೀ. ಇರುವಾಗ ಹಿಡಿದೆ. ಅಣ್ಣ ತಿರುಗಿ ನೋಡಿದ. ನೀಲಿಯವನಿರಬೇಕು ಅಂದ್ಕೊಂಡಿದ್ದ ಅನ್ಸುತ್ತೆ, ನನ್ನ ಮುಖ ಕಂಡು ಒಂದು ಕ್ಷಣ ತುಳಿಯೋದೇ ನಿಲ್ಲಿಸಿದ. ಅವನ ಹಿಂದಿನ ಚಕ್ರದ ಹಬ್ಬಿನ ಟಿಕಟಿಕ ಸದ್ದು ಇನ್ನೂ ಕಿವೀಲಿದೆ. ಎಂಟುನೂರು ಮೀಟರ್ ಇರುವಾಗ ನೀಲಿಯವನು ಬಲಗಡೆಯಿಂದ ಹಾರಿದ. ಅವನು ಮೊದಲು, ನಾನು ಎರಡು, ಅಣ್ಣ ಮೂರು.

ವಾಪಸ್ ಬರ್ತಾ ಒಂದೇ ಕಾರು. ಇಡ್ಲಿ ತಿನ್ನೋಕೆ ನಿಲ್ಲಿಸಿದಾಗ ಅಣ್ಣ ಮಾಣಿಗೆ, "ಬಿಲ್ಲು ಬೇರೆ ಬೇರೆ ಮಾಡಿ" ಅಂದ. ನಾಲ್ಕು ವರ್ಷದಲ್ಲಿ ಮೊದಲ ಸಲ. ಅಷ್ಟು ದೊಡ್ಡ ತಪ್ಪಾ ಇದು?

ಹಳೇ ಗೇರು:
ಹೌದು, ದೊಡ್ಡದೇ. ಮೂವರಲ್ಲಿ ಇಬ್ಬರು ನೀವು, ಕೈತುಂಬ ತುರುಪು ಇಟ್ಕೊಂಡು ಸೋತಿದೀರಿ.

ಅಣ್ಣ ಹೋದಾಗ ನಿನಗೆ ಮಾಡೋಕೆ ಕೆಲಸವೇ ಇರಲಿಲ್ಲ. ನೀಲಿಯವನ ಹಿಂದೆ ಹೋಗಿ ಕೂರಬೇಕಿತ್ತು. ಮುಂದೆ ಬರಲ್ಲ ಅಂತ ಅವನು ನಿಂತ್ರೆ ನೀನೂ ನಿಲ್ಲು, ಇಬ್ಬರೂ ಇಪ್ಪತ್ತೈದಕ್ಕೆ ಇಳೀರಿ, ಅಷ್ಟರಲ್ಲಿ ಅಣ್ಣ ಗೆರೆ ದಾಟಿರ್ತಾನೆ. ಹಿಡೀಲೇಬೇಕು ಅಂದ್ರೆ ಗಾಳಿ ಅವನೇ ತಿನ್ನಲಿ. ತಿಂದು ಸುಸ್ತಾಗಿ ಹಿಡಿದ ಮರುಕ್ಷಣ ನೀನು ಹಾರು. ನೀನು ಅವನಿಗೆ ಒಂದೂವರೆ ಕಿ.ಮೀ. ಪುಕ್ಕಟೆ ಬಾಡಿಗೆ ಗಾಡಿ ಓಡಿಸಿದೆ. ಎದುರು ಗಾಳೀಲಿ ಹಿಂದೆ ಕೂತವನಿಗೆ ಅದಕ್ಕಿಂತ ಸುಖ ಇನ್ನೇನಿದೆ.

ವೃತ್ತಿಪರರೂ ಇದನ್ನ ಮಾಡಿದಾರೆ, ಇಲ್ಲ ಅನ್ನಲ್ಲ. 2023ರಲ್ಲಿ ಸ್ಪೇನಿನ ದೊಡ್ಡ ರೇಸ್ ವುಯೆಲ್ಟಾದಲ್ಲಿ, ಒಟ್ಟಾರೆ ಮುಂದಿರೋನು ಹಾಕೋ ಕೆಂಪು ಜೆರ್ಸಿ ಸೆಪ್ ಕುಸ್ ಮೈಮೇಲಿತ್ತು. ಆ ವರ್ಷ ತನ್ನದೇ ತಂಡದ ಇಬ್ಬರಿಗೆ, ಇಟಲಿಯ ಜಿರೋದಲ್ಲಿ ರೋಗ್ಲಿಚ್‌ಗೂ ಫ್ರಾನ್ಸಿನ ಟೂರ್‌ನಲ್ಲಿ ವಿಂಗೆಗೋರ್‌ಗೂ ದುಡಿದು ಗೆಲ್ಲಿಸಿದವನು. ಆಂಗ್ಲಿರು ಏರಲ್ಲಿ ಅದೇ ಇಬ್ಬರೂ ಅವನನ್ನ ಬಿಟ್ಟು ಹೋದ್ರು. ಅವನು ಎದುರಾಳಿ ತಂಡದ ಮಿಕೆಲ್ ಲಾಂಡಾನ ಚಕ್ರ ಹಿಡಿದು ಮೇಲೆ ಬಂದ, ಎಂಟು ಸೆಕೆಂಡಲ್ಲಿ ಜೆರ್ಸಿ ಉಳೀತು. ಕೊನೆಗೆ ಗೆದ್ದವನೂ ಅವನೇ. ಆದ್ರೆ ಒಂದು ಗಮನಿಸು, ಅಲ್ಲಿ ಒಂದು, ಎರಡು, ಮೂರು ಎಲ್ಲಾ ಅದೇ ತಂಡಕ್ಕೆ ಬಂತು. ನೀನು ಪಕ್ಕದ ಮನೆಯವನಿಗೆ ಊಟ ಬಡಿಸಿದೀಯ.

ಎಂಟನೇ ಮೈಲಿ:
ಒಂದು ವಿಷಯ ಯಾರೂ ಹೇಳ್ತಿಲ್ಲ. ಆ ವೃತ್ತಿಪರರಿಗೆ ಸಂಬಳ ಇದೆ, ಕಾರಲ್ಲಿ ಕೂತು ರೇಡಿಯೋದಲ್ಲಿ ಬೈಯ್ಯೋಕೆ ಒಬ್ಬ ಇದಾನೆ. ಇವರಿಬ್ಬರೂ ಪ್ರವೇಶ ಶುಲ್ಕ ಸ್ವಂತ ಜೇಬಿಂದ ಕಟ್ಟಿದಾರೆ, ರಜಾನೂ ಸ್ವಂತದ್ದೇ. ಒಂದೇ ಬಣ್ಣದ ಜೆರ್ಸಿ ಹೊಲಿಸಿದ ಮಾತ್ರಕ್ಕೆ ತಂಡ ಆಗ್ಬಿಡ್ತಾ? ಅಣ್ಣನೂ ಹೇಳದೆ ಕೇಳದೆ ತಾನೇ ಹೊರಟಿದ್ದು? ಅವನಿಗೂ ಗೆಲ್ಲೋ ಆಸೆ, ಇವನಿಗೂ ಆಸೆ. ಕಾರಲ್ಲಿ ಬೆಳಿಗ್ಗೆ ಹೋಗ್ತಾ ಹತ್ತು ನಿಮಿಷ ಮಾತಾಡಿದ್ರೆ ಮುಗೀತಿತ್ತು.

ಗುಮ್ಮಟದ ಗಾಳಿ:
ತಮ್ಮಾ, ನಿಂದು ಓದಿ ನಗೂ ಬಂತು, ಸಿಟ್ಟೂ ಬಂತು. ನಾ ಬಿಜಾಪುರದಾಂವ. ನಮ್ಮ ಕಡೆ ಸಣ್ಣ ಹುಡುಗರೂ ಸೈಕಲ್ ಹತ್ತಿದ್ರ ರೇಸ್ ಬಗ್ಗೇನ ಮಾತಾಡ್ತಾವ. ಬಾಗಲಕೋಟಿ ರಸ್ತಾಕ ಹೊಂಟ್ರ ಮರೀಗೆ ಒಂದು ಗಿಡ ಇರೂದಿಲ್ಲ, ಬರೇ ಗಾಳಿ. ಅಡ್ಡಗಾಳಿ ಬೀಸಿದ್ರ ಹಿಂದ ಅಲ್ಲ, ಬಾಜೂಕ ಓರೆಯಾಗಿ ನಿಂದ್ರಬೇಕು ಅನ್ನೂದನ್ನ ಯಾವ ಕೋಚೂ ಕಲಸಲಿಲ್ಲ ನಮಗ, ಗಾಳೀನ ಕಲಿಸ್ತು.

ನಾವು ಐದು ಮಂದಿ ಹೋಗತಿದ್ವಿ. ಯಾರರೆ ಗೆಲ್ಲವಲ್ರ್ಯಾಕ, ಬಂದ ರೊಕ್ಕ ಐದು ಪಾಲು. ಉಳಿದದ್ರಾಗ ಟ್ಯೂಬು, ಚೈನಿನ ಎಣ್ಣಿ. ಹಂಗಾಗಿ ಮುಂದ ಹೋದಾಂವ ನಮ್ಮಾಂವ ಅಂದ್ರ ನಮ್ಮ ರೊಕ್ಕಾನ ಮುಂದ ಹೊಂಟೈತಿ ಅಂತ ಅನಸ್ತಿತ್ತು. ನಿಮ್ಮಲ್ಲಿ ಗೆದ್ದಾಂವಗ ಒಬ್ಬಗ ಹೆಲ್ಮೆಟ್ಟು, ಒಬ್ಬಗ ಫೋಟೋ. ಎರಡನೇದಾಂವಗ ಏನ ಕೊಟ್ರು? ಅದನ್ನ ಹೇಳು ಮೊದಲ. ಮತ್ತ ಇನ್ನೊಂದು ಖರೇ ಹೇಳು. ಹಿಂದಿನ ಗುಂಪು ಬರತಿತ್ತು ಅಂದಿ. ಕಂಡಿತ್ತೇನ?

ಸಡಿಲ ಚೈನು:
ಎರಡನೇದಕ್ಕೆ ಒಂದು ಪದಕ, ಪ್ರೋಟೀನ್ ಪುಡಿ ಸ್ಯಾಂಪಲ್ಲು.

ಗುಂಪು ಕಂಡಿರಲಿಲ್ಲ. ಮೂರು ಕಿ.ಮೀ. ಬೋರ್ಡಿನ ಹತ್ತಿರ ತಿರುಗಿ ನೋಡಿದ್ದೆ, ರಸ್ತೇಲಿ ಒಂದು ಟ್ರ್ಯಾಕ್ಟರ್ ಬಿಟ್ರೆ ಏನೂ ಇರಲಿಲ್ಲ. ಹನ್ನೊಂದು ದಿನದಿಂದ ಎಲ್ಲರಿಗೂ ಗುಂಪಿನ ಕಥೆ ಹೇಳ್ತಾ ಇದೀನಿ. ಅಣ್ಣ ದೂರ ಆಗ್ತಿದ್ದದ್ದು ನೋಡಿ ಹೊಟ್ಟೆ ಉರೀತು, ಅಷ್ಟೇ. ಅದೂ ಅವನು ಕೊಟ್ಟ ಚಕ್ರದ ಮೇಲೇ ಕೂತು.

ಎಂಟನೇ ಮೈಲಿಯವರೇ, ಬೆಳಿಗ್ಗೆ ಕಾರಲ್ಲಿ ಮಾತಾಡಿದ್ವಿ. ಮರೆತೇಹೋಗಿತ್ತು ಅಂತ ಬರೆಯೋಣ ಅಂದ್ಕೊಂಡೆ, ಬೇಡ. "ಯಾರು ಮೊದಲು ಹೋದ್ರೂ ಇನ್ನೊಬ್ಬ ಕೂರೋದು" ಅಂದಿದ್ದ. ಹೂಂ ಅಂದಿದ್ದೆ.

ಹಳೇ ಗೇರು:
ಹಾಗಾದ್ರೆ ಇಲ್ಲಿ ಬರೆದದ್ದು ಸಾಕು. ಚಕ್ರ ವಾಪಸ್ ಕೊಟ್ಟೆಯಾ?

ಸಡಿಲ ಚೈನು:
ನಿನ್ನೆ ಸಂಜೆ ತೊಳೆದು, ಟಯರಿಗೆ ಅಂಟಿದ್ದ ಕೆಂಪು ಮಣ್ಣೆಲ್ಲ ಹಲ್ಲುಜ್ಜೋ ಬ್ರಷ್ಷಲ್ಲಿ ತೆಗೆದು ತಗೊಂಡು ಹೋದೆ. ಅಣ್ಣ ಇರಲಿಲ್ಲ. ಅವರಮ್ಮ ಕಾಫಿ ಕೊಟ್ರು, "ಯಾಕೋ ಭಾನುವಾರ ಬರಲೇ ಇಲ್ಲ" ಅಂದ್ರು. ಜ್ವರ ಅಂದೆ. ಚಕ್ರ ಬಾಗಿಲ ಹಿಂದೆ ಒರಗಿಸಿ ಬಂದೆ.

ರಾತ್ರಿ ಹತ್ತೂವರೆಗೆ ಮೆಸೇಜು. "ಹಿಂದಿನದು ಎಡಕ್ಕೆ ಎರಡು ಮಿಲಿಮೀಟರ್ ಅಲ್ಲಾಡ್ತಿದೆ. ಯಾವ ಗುಂಡಿಗೆ ಬಿಟ್ಟೆ?"

ಗುಂಡಿ ನನಗೆ ಚೆನ್ನಾಗಿ ನೆನಪಿದೆ. ಅವನನ್ನ ಹಿಡಿಯೋಕೆ ತಲೆ ಬಗ್ಗಿಸಿ ತುಳೀತಿದ್ದಾಗ ಸಿಕ್ಕಿದ್ದು. ಉತ್ತರ ಟೈಪ್ ಮಾಡ್ತಾ ಇದೀನಿ, ನಾಲ್ಕು ಸಲ ಅಳಿಸಿದೆ.