ಮಂಗನ ಕಾಯಿಲೆ ಪಟ್ಟಿ ಓದೋದು ಹೇಗೆ? ಡಾಕ್ಟರಿಗೆ ಕೇಳಿ

ಅಡಿಕೆಮನೆ, ಸಾಗರ: ಡಾಕ್ಟ್ರೇ, ಗ್ರೂಪಿಗೆ ಬಂದ ಪಟ್ಟೀಲಿ ಹೋದ ವಾರ 50 ಮಾದರಿಗೆ 10 ಪಾಸಿಟಿವ್, ಈ ವಾರ 15ಕ್ಕೆ 6. ಇಳಿದಿದೆ ತಾನೇ? ಸೊಪ್ಪಿನಬೆಟ್ಟದಲ್ಲಿ ದರಗು (ಉದುರಿ ಒಣಗಿದ ಎಲೆ) ಗುಡಿಸೋದು ಬಾಕಿ ಇದೆ.

ಡಾಕ್ಟರ್: ಇಳಿದದ್ದು ಮಾದರಿ, ಕಾಯಿಲೆ ಅಲ್ಲ. ಮೊದಲಿನದು ನೂರಕ್ಕೆ 20, ಈಗಿನದು ನೂರಕ್ಕೆ 40. ಹಾಗಂತ ದುಪ್ಪಟ್ಟಾಯ್ತು ಅಂತಲೂ ಹೇಳಲಿಕ್ಕಾಗಲ್ಲ. ಜ್ವರ ಬಂದವರೆಲ್ಲರ ರಕ್ತ ತೆಗೆದ್ರೋ, ಜೋರಾಗಿದ್ದವರದ್ದು ಮಾತ್ರವೋ? ಅದರ ಮೇಲೆ ಈ ಲೆಕ್ಕ ಕುಣಿಯುತ್ತೆ.

ವರದಿ ಬಂದ ತಾರೀಕು ಬಿಡಿ. ಜ್ವರ ಶುರುವಾದ ತಾರೀಕು ಹಿಡಿದು ಪಟ್ಟಿ ಮತ್ತೆ ಬರೀರಿ. ಈ ಕಾಯಿಲೆ ಹರಡೋ ಉಣುಗು (ಉಣ್ಣೆ) ಕಚ್ಚಿ 3ರಿಂದ 8 ದಿನಕ್ಕೆ ಜ್ವರ. ಆಮೇಲೆ ಮನೇಲೇ ಮಾತ್ರೆ ನುಂಗಿ ಮೂರು ದಿನ ಕಳೀತಾರೆ. ರಕ್ತ ಲ್ಯಾಬಿಗೆ ಹೋಗಿ ವರದಿ ಬರಲಿಕ್ಕೆ ಇನ್ನಷ್ಟು. ಅದಕ್ಕೇ ಪಟ್ಟಿಯ ಕೊನೇ ವಾರ ಯಾವಾಗ ನೋಡಿದ್ರೂ ಸಪೂರ. ಅದರ ಮೇಲೆ ಕೈ ಮುಚ್ಚಿಟ್ಟು ಹಿಂದಿನ ಎರಡು ವಾರ ಹೋಲಿಸಿ.

ನೆಗೆಟಿವ್ ಅಂದ್ರೆ ಎಷ್ಟನೇ ದಿನದ ರಕ್ತ, ಯಾವ ಪರೀಕ್ಷೆ ಅಂತ ಕೇಳಿ. ಆರ್‌ಟಿ-ಪಿಸಿಆರ್ ವೈರಸ್ಸನ್ನೇ ಹುಡುಕೋದು, ಜ್ವರದ ಮೊದಲ ದಿನಗಳಿಗೆ ಸರಿ. ಹತ್ತನೇ ದಿನದ ರಕ್ತಕ್ಕೆ, ವೈರಸ್ ವಿರುದ್ಧ ದೇಹ ತಯಾರಿಸೋ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಬೇಕು. ಎರಡನೇ ದಿನ ಎಲೈಸಾ ಮಾಡಿದ್ರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು.

ದರಗು ಈಗ ಬೇಡ. ಕೊಟ್ಟಿಗೆಗೆ ಹಾಸೋ ದರಗಿನ ಜೊತೆ ಮರಿ ಉಣುಗೂ ಮನೆಗೆ ಬರುತ್ತೆ. ಹೋಗಲೇಬೇಕಂದ್ರೆ ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚೋ ಡೆಪಾ ಎಣ್ಣೆ, ಪ್ಯಾಂಟು ಕಾಲುಚೀಲದೊಳಗೆ, ಬಂದ ಕೂಡ್ಲೇ ಬಿಸಿನೀರು ಸ್ನಾನ, ಬಟ್ಟೆನೂ ಬಿಸಿನೀರಿಗೆ.

ಮಂಡಗದ್ದೆ: ನಮ್ಮಲ್ಲಿ 9 ಜನಕ್ಕೆ 2 ಸಾವು. ನೂರಕ್ಕೆ 22! ಈ ಕಾಯಿಲೇಲಿ ಸಾವು ನೂರಕ್ಕೆ 3ರಿಂದ 5 ಅಂತಾರಲ್ಲ?

ಡಾಕ್ಟರ್: 9 ಜನರಲ್ಲಿ ಒಬ್ಬರು ಹೆಚ್ಚುಕಮ್ಮಿ ಆದ್ರೆ 11 ಏರುತ್ತೆ, ಇಳಿಯುತ್ತೆ. ಅಷ್ಟು ಸಣ್ಣ ಲೆಕ್ಕಕ್ಕೆ ಶೇಕಡಾ ಹಾಕಬೇಡಿ. ಪರೀಕ್ಷೆಗೆ ಬಾರದೆ ವಾಸಿಯಾದವರು ಛೇದದಲ್ಲಿ ಇಲ್ಲವೇ ಇಲ್ಲ.

ಹೊಸನಗರ 2: ಕೇಸ್ ಕಡಿಮೆ ಆಗ್ತಿದೆಯಾ ಸಾರ್?

ಡಾಕ್ಟರ್: ಮೇಲೆ ಓದಿ.

ಶರಾವತಿತೀರ: ಹಿಂದೆ ನಮ್ಮ ಕೇರೀಲಿ 10 ಜನಕ್ಕೆ ಬಂದಾಗ 6 ಜನ ಲಸಿಕೆ ಹಾಕಿಸಿಕೊಂಡವರೇ. ಲಸಿಕೆಯಿಂದಲೇ ಬಂದದ್ದು.

ಮೇಷ್ಟ್ರು, ತೀರ್ಥಹಳ್ಳಿ: ಮಾರಾಯ್ರೆ, ಕೇರೀಲಿ ಒಟ್ಟು ಎಷ್ಟು ಜನ ಹಾಕಿಸಿದ್ರು? ನೂರರಲ್ಲಿ 80 ಅಂತಿಟ್ಟುಕೊಳ್ಳಿ. 80ಕ್ಕೆ 6 ಅಂದ್ರೆ 7.5. ಹಾಕಿಸದ 20ಕ್ಕೆ 4 ಅಂದ್ರೆ 20. ಯಾರಿಗೆ ಜಾಸ್ತಿ ಬಂತು?

ಶರಾವತಿತೀರ: 80 ನೀವೇ ಹುಟ್ಟಿಸಿದ್ದು. ಅಷ್ಟು ಒಳ್ಳೇದಿದ್ರೆ 2022ರಲ್ಲಿ ಯಾಕೆ ನಿಲ್ಲಿಸಿದ್ರು?

ಮೇಷ್ಟ್ರು, ತೀರ್ಥಹಳ್ಳಿ: ರಕ್ಷಣೆ ಸಾಲದು ಅಂತ ನಿಲ್ಲಿಸಿದ್ದು, ಕಾಯಿಲೆ ತರುತ್ತೆ ಅಂತಲ್ಲ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ದೆ ಗಂಟಲು ಹರ್ಕೋಬೇಡಿ.

ಶರಾವತಿತೀರ: ಪಾಠ ಶಾಲೇಲಿ ಹೇಳಿ.

ಡಾಕ್ಟರ್: ಮೇಷ್ಟ್ರ ಲೆಕ್ಕದ ದಾರಿ ಸರಿ, ಆದ್ರೆ ಅರ್ಧ. ಕಾಡಿಗೆ ಹೋಗುವವರೇ ಹೆಚ್ಚು ಹಾಕಿಸಿದ್ರಾ, ಮನೇಲಿರುವವರಾ ಅಂತಲೂ ನೋಡಬೇಕು. ಇಬ್ಬರೂ ನಿಲ್ಲಿಸಿ.

ಸೊರಬ ಗದ್ದೆ: 1957ರಲ್ಲಿ ಕ್ಯಾಸನೂರಲ್ಲಿ ಸಿಕ್ಕಿದ ಕಾಯಿಲೆ ಅಂತ ಈಗಲೂ ನಮ್ಮ ತಾಲ್ಲೂಕನ್ನೇ ದೂರ್ತಾರೆ.

ಹೊಸನಗರ 2: (ಫಾರ್ವರ್ಡ್) ಪಪ್ಪಾಯಿ ಎಲೆ ರಸ ದಿನಕ್ಕೆ ಮೂರು ಲೋಟ, ಪ್ಲೇಟ್‌ಲೆಟ್ ಏರುತ್ತೆ. ಉಣುಗಿಗೆ ಸೀಮೆಎಣ್ಣೆ.

ಡಾಕ್ಟರ್: ಈ ವಾರ ಮೂರನೇ ಸಲ ಬಂತು ಇದು. ಸೀಮೆಎಣ್ಣೆ ಬೇಡ, ಬೆಂಕಿ ಬೇಡ. ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರ ಎಳೀರಿ, ಸೋಪು ಹಾಕಿ ತೊಳೀರಿ. ರಸ ಕುಡಿಸ್ತಾ ಕೂತು ಆಸ್ಪತ್ರೆ ತಪ್ಪಿಸಬೇಡಿ. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫಿನಾಕ್ ಕೊಡಲೇಬೇಡಿ, ರಕ್ತಸ್ರಾವ ಹೆಚ್ಚುತ್ತೆ.

ತುಮರಿ ಕಡೆ: ಅಪ್ಪಯ್ಯನ ಹೆಸರು ‘ಗುಣಮುಖ’ ಪಟ್ಟೀಲಿದೆ. ಜ್ವರ ಬಿಟ್ಟು ಹತ್ತು ದಿನ ಚೆನ್ನಾಗಿದ್ರು. ನಿನ್ನೆಯಿಂದ ಮತ್ತೆ ಜ್ವರ, ಕೈ ನಡುಗುತ್ತೆ, ಮಾತು ತಡವರಿಸುತ್ತೆ.

ಡಾಕ್ಟರ್: ಪಟ್ಟಿ ಬದಿಗಿಡಿ. ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಸುಮಾರು ನೂರಕ್ಕೆ 10ರಿಂದ 20 ಜನರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಎರಡನೇ ಸುತ್ತು ಬರುತ್ತೆ, ಆಗ ಮಿದುಳಿನ ತೊಂದರೆ ಕಾಣಿಸೋದು. ಜ್ವರ ಇಳಿದ ದಿನವೇ ಗುಣಮುಖ ಅಂತ ಬರೆದ್ರೆ ಇವರು ಲೆಕ್ಕದಿಂದ ಹೊರಗೆ. ಮೊದಲ ಜ್ವರದ ತಾರೀಕು, ಕೊಟ್ಟ ಮಾತ್ರೆ ಚೀಟೀಲಿ ಬರೆದು ಜೊತೆಗೆ ಒಯ್ಯಿರಿ. ಹೊರಟ್ರಾ?

ಶರಾವತಿತೀರ: ಅಮೃತಬಳ್ಳಿ ಕಷಾಯ ಕೊಟ್ಟು ನೋಡಿ ಮೊದಲು.

ಡಾಕ್ಟರ್: ನೀವು ಸುಮ್ಮನಿರಿ. ತುಮರಿಯವರೇ, ಹೊರಟ್ರಾ?