ಪಿನ್‌ಹೋಲ್ ಚಿತ್ರದಲ್ಲಿ ಬೇಕಲ ಕೋಟೆ ಗೋಡೆ ಯಾಕೆ ಕಪ್ಪಾಗುತ್ತದೆ?

ನೀರ್ಚಾಲು_ಓದುಗ:
ಏಪ್ರಿಲ್ ಕೊನೆಯ ಭಾನುವಾರ ವಿಶ್ವ ಪಿನ್‌ಹೋಲ್ ದಿನ. ಆ ಹೊತ್ತಿಗೆ ಕಾಸರಗೋಡಿನಲ್ಲಿ, ಮಕ್ಕಳು ಹಾಲಿನಪುಡಿ ಡಬ್ಬಿಯಿಂದ ಮಾಡಿದ, ಲೆನ್ಸ್ ಬದಲು ಸೂಜಿತೂತು ಇರುವ ಕ್ಯಾಮೆರಾಗಳ ಚಿತ್ರಪ್ರದರ್ಶನ ಇಡುವುದೆಂದು ಉಂಟು. ಡಬ್ಬಿಯ ಅಗಲ 10 ಸೆಂ.ಮೀ., ಒಳಗೆ ಫಿಲ್ಮಿನ ಬದಲು ಮಲ್ಟಿಗ್ರೇಡ್ ಆರ್‌ಸಿ ಪೇಪರ್ (ಪ್ಲಾಸ್ಟಿಕ್ ಲೇಪದ ಫೋಟೊ ಕಾಗದ). ಬೇಕಲದಲ್ಲಿ ತೆಗೆದ ನೆಗೆಟಿವನ್ನು (ಕಪ್ಪು-ಬಿಳಿ ಅದಲುಬದಲಾದ ಚಿತ್ರ) ಪಾಸಿಟಿವ್ ಮಾಡಿದರೆ ಗೋಡೆ ಮಸಿ, ಆಕಾಶ ಬರೀ ಬಿಳಿ. ನೆಗೆಟಿವ್‌ನ ಒಂದು ಅಂಚೂ ಕಪ್ಪಾಗಿದೆ. ತೂತು ಸರಿಯಿಲ್ಲವೇ?

ಕಪ್ಪುಕೋಣೆ:
ಗೋಡೆಯ ವಿಷಯದಲ್ಲಿ ತೂತಿನ ತಪ್ಪೇನಿಲ್ಲ. ಈ ಪೇಪರಿಗೆ ನೀಲಿ, ಹಸಿರು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಅದಕ್ಕೇ ಕೆಂಪು ದೀಪದಲ್ಲಿ ಕೆಲಸ ಮಾಡಬಹುದು, ಅದಕ್ಕೇ ಕೆಂಪು ಮುರಕಲ್ಲಿನ ಗೋಡೆ ಕಪ್ಪು. ಎಕ್ಸ್‌ಪೋಷರ್ ಮಾತ್ರ ಹೆಚ್ಚಿಸಿದರೆ ಗೋಡೆಗಿಂತ ಮೊದಲು ಆಕಾಶ ಸುಟ್ಟುಹೋಗುತ್ತದೆ. ತೂತಿನ ಮುಂದೆ ಹಳದಿ ಫಿಲ್ಟರ್ ಹಿಡಿದರೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಇಳಿಯುತ್ತದೆ. ಆಗ ಸಮಯ ಎರಡು-ಮೂರು ಪಟ್ಟು ಹೆಚ್ಚಿಸಿ ಪರೀಕ್ಷಿಸಿ. ಪ್ರಿಫ್ಲಾಶ್, ಅಂದರೆ ಪೇಪರಿಗೆ ಮೊದಲೇ ತುಸು ಬೆಳಕು ತೋರಿಸುವುದು, ಇನ್ನೂ ಒಳ್ಳೆಯದು: ಎನ್‌ಲಾರ್ಜರಿನ (ಚಿತ್ರ ಹಿಗ್ಗಿಸಿ ಮುದ್ರಿಸುವ ಯಂತ್ರ) ಮಂದ ಬೆಳಕಿಗೆ ಒಂದು ತುಂಡು ಪೇಪರನ್ನು 1, 2, 3 ಸೆಕೆಂಡ್ ಹೀಗೆ ಒಡ್ಡಿ ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣ) ತೊಳೆಯಿರಿ. ಮೊದಲ ಬೂದು ಕಾಣುವುದಕ್ಕೆ ಸ್ವಲ್ಪ ಹಿಂದಿನ ಸಮಯವೇ ನಿಮ್ಮದು. ಡಬ್ಬಿಗೆ ತುಂಬುವ ಮೊದಲು ಪ್ರತಿ ಪೇಪರಿಗೂ ಅಷ್ಟು ಬೆಳಕು ಕೊಡಿ.

ಅಂಚು ಕಪ್ಪಾಗುವುದು ಮುಚ್ಚಳದಿಂದ ಬೆಳಕು ಸೋರುವುದರಿಂದ. ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಎರಡು ಸುತ್ತು ಹಾಕಿ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ.

ಮುರಕಲ್ಲು:
ಆದರೂ ತೂತನ್ನು ಅಳೆಯದೆ ಬಿಡಬೇಡಿ. ತೂತಿನಿಂದ ಪೇಪರಿಗೆ 100 ಮಿ.ಮೀ. ದೂರವಿದ್ದರೆ 0.45 ಮಿ.ಮೀ. ಅಗಲ ಸರಿ. ಪಾನೀಯದ ಕ್ಯಾನಿನ ಅಲ್ಯೂಮಿನಿಯಂ ತಗಡಿಗೆ ಸೂಜಿಮೊನೆ ಒತ್ತಿ, ಉಬ್ಬಿದ ಕಡೆಯನ್ನು 600 ನಂಬರ್ ಮರಳುಕಾಗದದಲ್ಲಿ ಉಜ್ಜಿ, ಮತ್ತೆ ಸೂಜಿ ತಿರುಗಿಸಿ ದುಂಡಗೆ ಮಾಡಿ. ಅಂಚಿನಲ್ಲಿ ಚೂರು ಉಳಿದರೆ ಚಿತ್ರ ಮಸುಕು. ತಗಡನ್ನು ಸ್ಕ್ಯಾನರಿನಲ್ಲಿ 2400 ಡಿಪಿಐಗೆ (ಇಂಚಿಗೆ 2400 ಚುಕ್ಕಿ) ಇಟ್ಟರೆ ತೂತಿನ ಅಗಲ ಸುಮಾರು 42 ಪಿಕ್ಸೆಲ್ ಬರಬೇಕು.

ಇದು ಎಫ್/220ರ ಹತ್ತಿರ, ಅಂದರೆ ದೂರವು ತೂತಿನ ಅಗಲದ ಸುಮಾರು 220 ಪಟ್ಟು. ಪೇಪರ್ ಬೆಳಕು ಹಿಡಿಯುವ ವೇಗವನ್ನು ಐಎಸ್‌ಒ 6 ಎಂದು ಹಿಡಿದರೆ ಚುರುಕು ಬಿಸಿಲಿಗೆ ಅರ್ಧ ನಿಮಿಷದ ಲೆಕ್ಕ. 30, 60, 120 ಸೆಕೆಂಡಿಗೆ ಒಂದೊಂದು ತೆಗೆದು ನೋಡಿ. ನಮ್ಮೂರಿನ ಏಪ್ರಿಲ್ ಸೆಕೆಗೆ ಡೆವಲಪರ್ 30 ಡಿಗ್ರಿ ದಾಟಿ ಚಿತ್ರ ಸರಕ್ಕನೆ ಕಪ್ಪಾಗುತ್ತದೆ. ಟ್ರೇಯನ್ನು ಐಸ್ ನೀರಿನ ಬೇಸಿನ್‌ನಲ್ಲಿಟ್ಟು 20ಕ್ಕೆ ಇಳಿಸಿ.

ನೀರ್ಚಾಲು_ಓದುಗ:
ನೆಗೆಟಿವ್‌ಗಳನ್ನೂ ತೂಗುಹಾಕಬಹುದೇ? ಅಂಗಡಿ ಬೋರ್ಡಿನ ಕನ್ನಡ, ಮಲಯಾಳ ಎರಡೂ ಅದರಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿವೆ.

ಕಪ್ಪುಕೋಣೆ:
ಖಂಡಿತ ಹಾಕಿ, ಪಕ್ಕದಲ್ಲೇ ಪಾಸಿಟಿವ್ ಇರಲಿ. ನೆಗೆಟಿವಿನ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಹೊಸ ಪೇಪರಿನ ಎಮಲ್ಷನ್‌ಗೆ ತಾಗಿಸಿ, ಮೇಲೆ ಗಾಜಿಟ್ಟು ಬೆಳಕು ಕೊಟ್ಟು ಕಾಂಟ್ಯಾಕ್ಟ್ ಪ್ರಿಂಟ್ ಮಾಡಿದರೆ ಅಕ್ಷರ ತಾನೇ ನೇರವಾಗುತ್ತದೆ. ಸ್ಕ್ಯಾನ್ ಮಾಡುವುದಾದರೆ ಬಣ್ಣ ತಿರುಗಿಸಿದ ಮೇಲೆ ಎಡ-ಬಲವನ್ನೂ ತಿರುಗಿಸಬೇಕು. ಫ್ರೇಮಿನಲ್ಲಿ ಚಿತ್ರ ಗಾಜಿಗೆ ಅಂಟದಂತೆ ನಡುವೆ ದಪ್ಪ ರಟ್ಟಿನ ಮೌಂಟ್ ಹಾಕಿ. ಮಳೆಗಾಲದ ತನಕ ಹಾಗೇ ಇಡುವುದಾದರೆ ತೇವದ ಗೋಡೆಗೆ ತಾಗಿಸಲೇಬಾರದು. ಪ್ರತಿ ಚಿತ್ರದ ಕೆಳಗೆ ತೂತಿನ ಅಳತೆ, ದೂರ, ಸೆಕೆಂಡ್ ಬರೆದು, ಅದನ್ನು ತೆಗೆದ ಡಬ್ಬಿಯನ್ನೂ ಮೇಜಿನ ಮೇಲೆ ಮುಚ್ಚಳ ತೆರೆದಿಡಿ. ನೋಡುವ ಮಕ್ಕಳು ಮನೆಗೆ ಹೋಗಿ ಮಾಡಲು ಅಷ್ಟು ಸಾಕು.