ಸಾಹಿತ್ಯದ ಗೂಢ ಸುಳಿವು: ಕವಿಯ ಹೆಸರಿನ ನಡುವೆ ‘ವಾಂ’ ಬರಲು ಸಾಧ್ಯವೇ?

ಪ್ರಶ್ನೆ:
ಗೆಳೆಯರೊಬ್ಬರು ಕನ್ನಡ ಸಾಹಿತಿಗಳ ಹೆಸರುಗಳನ್ನೇ ಇಟ್ಟುಕೊಂಡು ಹೆಣೆದ ಪದಬಂಧದಲ್ಲಿ ಎರಡು ದಿನಗಳಿಂದ ಒಂದೇ ಮೂಲೆಯಲ್ಲಿ ಸಿಲುಕಿದ್ದೇನೆ. ಎಡದಿಂದ ಬಲಕ್ಕೆ 9: ‘ವಿಷ್ಣುವಿನ ಪಕ್ಕ ಶಿವನನ್ನು ಕೂರಿಸಿ ರಗಳೆ ಮಾಡಿದವನು (4)’. ಜಗಳ ಹಚ್ಚುವವನೆಂದು ನಾರದನನ್ನು ನೆನೆದರೆ ಮೂರೇ ಮನೆ ತುಂಬುತ್ತದೆ. ಎಡದಿಂದ ಬಲಕ್ಕೆ 14: ‘ಆರು ಸಾಲು ಬರೆದವನಿಗೆ ರಾಮನ ಮಾರ್ಕು (4)’. ಇದರ ಮೂರನೆಯ ಮನೆಯಿಂದ ಕೆಳಕ್ಕಿಳಿಯುವ ‘ಹಂಬಲ (2)’ಕ್ಕೆ ‘ವಾಂಛೆ’ ಎಂದು ಬರೆದಿದ್ದೇನೆ. ಆದರೆ ನಡುವೆ ‘ವಾಂ’ ಇರುವ ಕವಿ ಯಾರೂ ಹೊಳೆಯದ ಕಾರಣ ಅದನ್ನೇ ಅಳಿಸಬೇಕೇ ಎಂಬ ಅನುಮಾನ ಹುಟ್ಟಿದೆ.

ಉತ್ತರ:
ಅಳಿಸಬೇಡಿ, ‘ವಾಂಛೆ’ ಸರಿಯಾಗಿಯೇ ಇದೆ. ಲಂಡನ್ನಿನ ಅಬ್ಸರ್ವರ್ ಪತ್ರಿಕೆಗೆ 1939ರಿಂದ ಪದಬಂಧ ಹೆಣೆದ, ಝಿಮೆನೀಸ್ ಎಂಬ ಗುಪ್ತನಾಮದವರು ಎತ್ತಿಹಿಡಿದ ಕಟ್ಟಳೆಯಂತೆ, ನ್ಯಾಯವಾದ ಗೂಢ ಸುಳಿವಿನಲ್ಲಿ ಉತ್ತರದ ಅರ್ಥವೂ ಅದನ್ನು ಕಟ್ಟುವ ಬಗೆಯೂ ಇರಬೇಕು, ಮೂರನೆಯದು ಇರಬಾರದು. ಅರ್ಥದ ಭಾಗ ಸಾಮಾನ್ಯವಾಗಿ ಸುಳಿವಿನ ಒಂದು ತುದಿಯಲ್ಲಿರುತ್ತದೆ. 9ರಲ್ಲಿ ‘ರಗಳೆ ಮಾಡಿದವನು’ ಎಂಬುದೇ ಆ ತುದಿ. ಆಡುಮಾತಿನ ರಗಳೆಯನ್ನು ಬಿಟ್ಟು ಛಂದಸ್ಸಿನ ರಗಳೆಯನ್ನು ಹಿಡಿದರೆ, ವಿಷ್ಣುವೆಂದರೆ ಹರಿ, ಶಿವನೆಂದರೆ ಹರ, ಪಕ್ಕಪಕ್ಕ ಕೂತರೆ ಹರಿಹರ.

14ರಲ್ಲಿ ನಿಮ್ಮನ್ನು ಎಡವಿಸಿರುವುದು ಸಂಧಿ. ಇಂಗ್ಲಿಷಿನಲ್ಲಿ ಎರಡು ತುಂಡುಗಳನ್ನು ಜೋಡಿಸಿದರೆ ಅಕ್ಷರಗಳು ಹಾಗೆಯೇ ಉಳಿಯುತ್ತವೆ, ಕನ್ನಡದಲ್ಲಿ ಉಳಿಯಬೇಕೆಂದಿಲ್ಲ. ರಾಮನಿಗೆ ರಾಘವ, ಮಾರ್ಕಿಗೆ ಅಂಕ ಎಂದು ಬಿಡಿಬಿಡಿಯಾಗಿ ಬರೆದರೆ ಐದು ಮನೆ ಬೇಕು. ಸವರ್ಣದೀರ್ಘವಾಗಿ ‘ವ’ವೂ ‘ಅಂ’ ಕೂಡ ಬೆಸೆದು ‘ವಾಂ’ ಆದಾಗ ನಾಲ್ಕೇ ಸಾಕು. ಆರು ಸಾಲು ಬರೆದವನೆಂದರೆ ಪರೀಕ್ಷೆಯಲ್ಲಿ ಅಷ್ಟೇ ಬರೆದು ಎದ್ದುಬಂದ ಹುಡುಗನಲ್ಲ, ಹರಿಶ್ಚಂದ್ರನ ಕಥೆಯನ್ನು ಷಟ್ಪದಿಯಲ್ಲಿ ಹಾಡಿದ ರಾಘವಾಂಕ. ‘ಬರೆದವನಿಗೆ’ ಎಂಬಲ್ಲಿನ ವಿಭಕ್ತಿ ಬರೀ ಅಂಟು. ನನಗಿದು ಅಷ್ಟು ಹಿಡಿಸುವುದಿಲ್ಲವಾದರೂ ಪ್ರತ್ಯಯವಿಲ್ಲದೆ ಕನ್ನಡದಲ್ಲಿ ವಾಕ್ಯ ನಿಲ್ಲುವುದೇ ಕಷ್ಟವಾದ್ದರಿಂದ ಹೆಣೆಯುವವರಿಗೆ ಇಷ್ಟು ರಿಯಾಯಿತಿ ಕೊಡಬೇಕಾಗುತ್ತದೆ. ಅಂದಹಾಗೆ ರಾಘವಾಂಕನು ಹರಿಹರನ ಸೋದರಳಿಯ; ನಿಮ್ಮ ಗೆಳೆಯರು ಮಾವ ಅಳಿಯ ಇಬ್ಬರನ್ನೂ ಬೇಕೆಂದೇ ಒಂದು ಮೂಲೆಗೆ ತಂದಿರಬೇಕು.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು, ಮೂಲೆ ತುಂಬಿತು. ಅದೇ ದಾರಿಯಲ್ಲಿ ‘ಹಿಂದೆ ಮುಂದೆ ನೋಡಿದರೂ ಬದಲಾಗದ ದಾಸ (3)’ ಎಂಬುದಕ್ಕೆ ಕನಕ ಎಂದೂ, ‘ಲಕ್ಷ್ಮಿಯ ಮನೆ ಸೇರಿದ ಸಣ್ಣಕತೆಗಾರ (4)’ ಎಂಬುದಕ್ಕೆ ಮಾಸ್ತಿಯವರ ಕಾವ್ಯನಾಮವಾದ ಶ್ರೀನಿವಾಸ ಎಂದೂ ಬರೆದಿದ್ದೇನೆ. ಎರಡನೆಯದರಲ್ಲಿಯೂ ಯಾವುದಾದರೂ ಸಂಧಿ ಅಡಗಿದೆಯೇ?

ಉತ್ತರ:
ಎರಡೂ ಸರಿ. ಶ್ರೀ ಮತ್ತು ನಿವಾಸ ಸೇರುವಾಗ ಯಾವ ಅಕ್ಷರವೂ ಬದಲಾಗುವುದಿಲ್ಲ. ಅಲ್ಲಿರುವುದು ಸಮಾಸ ಮಾತ್ರ, ಆದ್ದರಿಂದ ಮನೆಗಳ ಲೆಕ್ಕ ನೇರವಾಗಿಯೇ ಕೂಡುತ್ತದೆ.